ನವೋದಯ ಪರೀಕ್ಷೆ: 82 ಅಂಕ ಬಂದರೆ ಸೀಟು ಸಿಗುತ್ತಾ?

ಹಾವೇರಿ ಅವ್ವ

ಎಲ್ಲರಿಗೂ ನಮಸ್ಕಾರ. ನಾನು ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿಯವಳು. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿ ಓದುತ್ತಿದ್ದಾಳೆ. ಹೋದ ತಿಂಗಳು ನವೋದಯ, ಅಂದರೆ ಕೇಂದ್ರ ಸರ್ಕಾರದ ವಸತಿ ಶಾಲೆ, ಅದರ ಆರನೇ ತರಗತಿಯ ಪ್ರವೇಶ ಪರೀಕ್ಷೆ ಬರೆದಳು. ಅವತ್ತೇ ಸಂಜೆ ಯೂಟ್ಯೂಬಿನಲ್ಲಿ ಕೀ ಉತ್ತರ ಹಾಕಿಕೊಂಡು ಇಬ್ಬರೂ ಕೂತು ಲೆಕ್ಕ ಮಾಡಿದೆವು. 80 ಪ್ರಶ್ನೆಯಲ್ಲಿ 66 ಸರಿ ಇದೆ ಅಂತ ಬಂತು. ಒಂದಕ್ಕೆ 1.25 ಅಂಕ ಅಂದರೆ ಒಟ್ಟು 82.5.

ಈಗ ಓಣಿಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. 75 ಬಂದರೆ ಸಾಕು, ಸೀಟು ಗ್ಯಾರಂಟಿ ಅಂತ ಒಬ್ಬರು. 95ರ ಕೆಳಗೆ ಬಂದರೆ ಆಸೆ ಬಿಡಿ ಅಂತ ಇನ್ನೊಬ್ಬರು. ನಾವು ಕಳಿಸಿದ್ದ ಕೋಚಿಂಗಿನವರು ಪರೀಕ್ಷೆಗೆ ಮುಂಚೆ "80 ದಾಟಿದರೆ ನಮ್ಮ ಜವಾಬ್ದಾರಿ" ಅಂದಿದ್ದರು. ಈಗ ಫೋನ್ ಮಾಡಿದರೆ "ನೋಡೋಣ ಬಿಡಿ" ಅನ್ನುತ್ತಾರೆ. ಮಗಳು ದಿನಾ ರಾತ್ರಿ ಮಲಗುವಾಗ "ಅವ್ವಾ, ನನ್ನ ಹೆಸರು ಬರ್ತದಾ?" ಅಂತ ಕೇಳುತ್ತಾಳೆ. ಏನು ಹೇಳಬೇಕೋ ಗೊತ್ತಾಗುತ್ತಿಲ್ಲ.

ನಮ್ಮದು ಹಳ್ಳಿ. ಮೂರು, ನಾಲ್ಕು, ಐದು ಮೂರೂ ಇದೇ ಶಾಲೆ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ನಾವು 3ಬಿ. ತಿಳಿದವರು ದಯವಿಟ್ಟು ಹೇಳಿ, 82.5 ಒಳ್ಳೆಯ ಅಂಕವಾ, ಅಲ್ಲವಾ?

ತುಮಕೂರು ಮಾವ

ಅಕ್ಕ, ನಮ್ಮ ಅಕ್ಕನ ಮಗನಿಗೆ ಹೋದ ವರ್ಷ 78ಕ್ಕೇ ಸಿಕ್ಕಿತು. ಚಿಂತೆ ಮಾಡಬೇಡಿ.

ಕೊಪ್ಪಳದ ಅಪ್ಪ

ನನ್ನ ಮಗನಿಗೆ ಲೆಕ್ಕ ಹಾಕಿದಾಗ 90 ಬಂದಿತ್ತು. ಆದರೂ ಸಿಗಲಿಲ್ಲ. ಅವನ ಪಕ್ಕದಲ್ಲೇ ಕೂತು ಬರೆದ ನಮ್ಮೂರ ಹುಡುಗ ಅವನಿಗಿಂತ ಕಡಿಮೆ ಬರೆದಿದ್ದ, ಅವನು ಈಗ ನವೋದಯದಲ್ಲಿ ಇದ್ದಾನೆ. ಇದರಲ್ಲಿ ಏನೋ ನಡೆಯುತ್ತದೆ ಅಂತ ನನಗೆ ಅವತ್ತಿನಿಂದ ಅನುಮಾನ. ಅಂಕ ತೋರಿಸಿ ಅಂದರೆ ತೋರಿಸಲ್ಲ. ಆಯ್ಕೆ ಆಗಿಲ್ಲ ಅಂತ ಒಂದು ಸಾಲು, ಅಷ್ಟೇ.

ಹಳೇ ಮೇಷ್ಟ್ರು, ಚಿತ್ರದುರ್ಗ

ತಾಯಿ, ಮತ್ತೆ ಕೊಪ್ಪಳದ ತಮ್ಮ, ಇಬ್ಬರಿಗೂ ಸೇರಿಸಿಯೇ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ. ಮೊಳಕಾಲ್ಮೂರು ಕಡೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವನು ನಾನು. ಪ್ರತಿ ವರ್ಷ ಐದನೇ ತರಗತಿ ಮಕ್ಕಳನ್ನು ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕೂರಿಸಿಕೊಂಡು ಈ ಪರೀಕ್ಷೆಗೆ ತಯಾರು ಮಾಡುತ್ತಿದ್ದೆ. ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ.

"ಎಷ್ಟು ಅಂಕ ಬಂದರೆ ಸಿಗುತ್ತೆ?" ಅನ್ನುವ ಪ್ರಶ್ನೆಯನ್ನು ನನಗೆ ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಆ ಪ್ರಶ್ನೆಗೆ ಮೊದಲೇ ಉತ್ತರ ಇರುವುದಿಲ್ಲ. ಯಾಕೆ ಅಂದರೆ ಇದು ಪಾಸು-ಫೇಲಿನ ಪರೀಕ್ಷೆ ಅಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಪಾಸಿಗೆ ಇಷ್ಟು ಅಂಕ ಅಂತ ಒಂದು ಗೆರೆ ಮೊದಲೇ ಎಳೆದಿರುತ್ತಾರೆ. ಇಲ್ಲಿ ಗೆರೆ ಕೊನೆಗೆ ಬೀಳುತ್ತದೆ. ಮಕ್ಕಳನ್ನೆಲ್ಲ ಅಂಕದ ಪ್ರಕಾರ ಸಾಲಾಗಿ ನಿಲ್ಲಿಸುತ್ತಾರೆ, ಸೀಟು ಎಲ್ಲಿಗೆ ಮುಗಿಯಿತೋ ಅಲ್ಲಿ ಗೆರೆ. ಆ ಕೊನೇ ಮಗುವಿನ ಅಂಕವನ್ನೇ ಜನ ಕಟ್-ಆಫ್ ಅನ್ನುತ್ತಾರೆ. ಪ್ರಶ್ನೆ ಪತ್ರಿಕೆ ಸುಲಭ ಇದ್ದ ವರ್ಷ ಎಲ್ಲರಿಗೂ ಜಾಸ್ತಿ ಬರುತ್ತದೆ, ಗೆರೆ ಮೇಲೆ ಹೋಗುತ್ತದೆ. ಕಷ್ಟ ಇದ್ದ ವರ್ಷ ಕೆಳಗೆ ಬರುತ್ತದೆ. ಹೋದ ವರ್ಷದ 78 ಈ ವರ್ಷಕ್ಕೆ ಏನೂ ಹೇಳುವುದಿಲ್ಲ, ತುಮಕೂರಿನವರು ಬೇಜಾರು ಮಾಡಿಕೊಳ್ಳಬಾರದು.

ಇನ್ನೊಂದು ಮಾತು. ಸಾಲು ಒಂದೇ ಅಲ್ಲ. ಬಹಳ ಮಂದಿಗೆ ಇದೇ ಗೊತ್ತಿಲ್ಲ.

ಒಂದು ನವೋದಯದಲ್ಲಿ ಆರನೇ ತರಗತಿಗೆ ಹೆಚ್ಚೆಂದರೆ 80 ಸೀಟು. ನಿಮ್ಮ ಮಗು ಪೈಪೋಟಿ ಮಾಡುವುದು ನಿಮ್ಮ ಜಿಲ್ಲೆಯ ಮಕ್ಕಳ ಜೊತೆ ಮಾತ್ರ. ಹಾವೇರಿ ಮಗು ಧಾರವಾಡದ ಮಗುವಿನ ಜೊತೆ ಸ್ಪರ್ಧೆಯಲ್ಲಿ ಇಲ್ಲ. ಆ 80ರಲ್ಲಿ ಕಡಿಮೆ ಅಂದರೂ ನೂರಕ್ಕೆ 75ರಷ್ಟು, ಅಂದರೆ 60 ಸೀಟು ಹಳ್ಳಿ ಮಕ್ಕಳಿಗೆ. ಕಡಿಮೆ ಅಂದರೂ ಮೂರನೇ ಒಂದು ಪಾಲು ಹೆಣ್ಣುಮಕ್ಕಳಿಗೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಕ್ಕೆ ಆ ಜಿಲ್ಲೆಯ ಜನಸಂಖ್ಯೆಯ ಲೆಕ್ಕದಲ್ಲಿ ಸೀಟು. ಎಷ್ಟೇ ಕಡಿಮೆ ಆದರೂ 15 ಮತ್ತು 7.5 ಪರ್ಸೆಂಟಿಗಿಂತ ಇಳಿಯುವುದಿಲ್ಲ, ಎರಡೂ ಸೇರಿ 50 ದಾಟುವುದಿಲ್ಲ. ಹಿಂದುಳಿದ ವರ್ಗಕ್ಕೆ 27 ಪರ್ಸೆಂಟ್. ಅಂಗವಿಕಲ ಮಕ್ಕಳಿಗೂ ಇದೆ.

ಈಗ ನಮ್ಮ ಚಿತ್ರದುರ್ಗ, ಆ ಕಡೆ ರಾಯಚೂರು ನೋಡಿ. ಪರಿಶಿಷ್ಟರ ಸಂಖ್ಯೆ ಜಾಸ್ತಿ, ಹಾಗಾಗಿ ಅವರ ಸೀಟೂ ಜಾಸ್ತಿ. ದಕ್ಷಿಣ ಕನ್ನಡದಲ್ಲಿ ಅವರ ಸಂಖ್ಯೆ ಕಡಿಮೆ. ಒಂದೇ ಪ್ರಶ್ನೆ ಪತ್ರಿಕೆ, ಒಂದೇ ಅಂಕ, ಆದರೆ ಎರಡು ಜಿಲ್ಲೆಯಲ್ಲಿ ಎರಡು ಫಲಿತಾಂಶ. ಒಂದೇ ಜಿಲ್ಲೆಯೊಳಗೂ ವರ್ಗ ಬದಲಾದರೆ ಗೆರೆ ಬದಲಾಗುತ್ತದೆ. ಅದಕ್ಕೇ ಹೇಳಿದ್ದು, "82 ಸಾಕಾ?" ಅಂತ ಕೇಳುವ ಮೊದಲು "ನನ್ನ ಮಗು ಯಾವ ಸಾಲಿನಲ್ಲಿ ನಿಂತಿದೆ?" ಅಂತ ಕೇಳಿಕೊಳ್ಳಿ.

ಕೊಪ್ಪಳದ ತಮ್ಮ, ನಿಮ್ಮನ್ನು ಒಂದು ಕೇಳುತ್ತೇನೆ. ನಿಮ್ಮ ಮಗ ಮೂರನೇ ತರಗತಿಯಿಂದ ಐದರ ತನಕ ಎಲ್ಲಿ ಓದಿದ?

ಕೊಪ್ಪಳದ ಅಪ್ಪ

ನಾಲ್ಕು, ಐದು ನಮ್ಮೂರಲ್ಲೇ ಸರ್. ಮೂರನೇ ತರಗತಿ ಒಂದು ವರ್ಷ ಪಟ್ಟಣದ ಕಾನ್ವೆಂಟಿಗೆ ಹಾಕಿದ್ದೆ. ವ್ಯಾನ್ ಸರಿಯಾಗಿ ಬರಲಿಲ್ಲ ಅಂತ ವಾಪಸ್ ಕರೆದುಕೊಂಡು ಬಂದೆ. ಮನೆ ಯಾವತ್ತೂ ಹಳ್ಳಿಯಲ್ಲೇ.

ಹಳೇ ಮೇಷ್ಟ್ರು, ಚಿತ್ರದುರ್ಗ

ಅಲ್ಲೇ ಇದೆ ನೋಡಿ ವಿಷಯ. ಮನೆ ಎಲ್ಲಿದೆ ಅಂತ ಅವರು ನೋಡುವುದಿಲ್ಲ. ಶಾಲೆ ಎಲ್ಲಿತ್ತು ಅಂತ ನೋಡುತ್ತಾರೆ. ಮೂರು, ನಾಲ್ಕು, ಐದು ಈ ಮೂರು ವರ್ಷದಲ್ಲಿ ಒಂದೇ ಒಂದು ದಿನ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ಆ ಮಗು ನಗರದ ಅಭ್ಯರ್ಥಿ. ನಿಯಮದಲ್ಲೇ ಹಾಗೆ ಬರೆದಿದೆ.

ಇದರಿಂದ ಏನಾಯಿತು ಅಂದರೆ, 60 ಸೀಟಿನ ಸಾಲಿನಿಂದ ನಿಮ್ಮ ಹುಡುಗ ಹೊರಗೆ ಬಂದ. ಉಳಿದ 20 ಸೀಟು ಬರೀ ಪಟ್ಟಣದವರಿಗೆ ಅಂತ ತಿಳಿಯಬೇಡಿ. ಅದು ಹಳ್ಳಿ, ಪಟ್ಟಣ ಇಬ್ಬರಿಗೂ ಸೇರಿದ್ದು. ಆ 20ರೊಳಗೂ ವರ್ಗದ ಹಂಚಿಕೆ ಇದೆ. ಇಡೀ ಜಿಲ್ಲೆಯ ಪಟ್ಟಣದ ಮಕ್ಕಳು, ಖಾಸಗಿ ಶಾಲೆಯಲ್ಲಿ ಓದಿದವರು, ವರ್ಷಗಟ್ಟಲೆ ಕೋಚಿಂಗ್ ತೆಗೆದುಕೊಂಡವರು ಎಲ್ಲ ಅದೇ ಸಣ್ಣ ಬಾಗಿಲಿನ ಮುಂದೆ. ಅಲ್ಲಿ 90 ಕೂಡ ಸಾಲದೇ ಹೋಗಬಹುದು. ನಿಮ್ಮೂರ ಇನ್ನೊಬ್ಬ ಹುಡುಗ ಬೇರೆ ಸಾಲಿನಲ್ಲಿ ನಿಂತಿದ್ದ.

ಇದರಲ್ಲಿ ಮೋಸ ಇಲ್ಲ. ನಿಮ್ಮ ನೋವು ನನಗೆ ಅರ್ಥ ಆಗುತ್ತದೆ. ಆದರೆ ಈ ಶಾಲೆಗಳನ್ನು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲದಲ್ಲಿ ಕಟ್ಟಿದ್ದೇ ಹಳ್ಳಿಯಲ್ಲಿ ಹುಟ್ಟಿದ ಚುರುಕು ಮಕ್ಕಳಿಗೆ ಅಂತ. ಒಳ್ಳೆಯ ಶಾಲೆಯೇ ಹತ್ತಿರ ಇಲ್ಲದ ಮಗುವಿಗೆ ದುಡ್ಡಿಲ್ಲದೆ ಒಂದು ದಾರಿ ಸಿಗಲಿ ಅಂತ. ಆ ನಿಯಮ ತೆಗೆದರೆ ಮೊದಲು ಹೊರಗೆ ಬೀಳುವುದು ಅಂಥ ಮಗುವೇ. ನಾನು ಆ ನಿಯಮದ ಪರ.

ಕೊಪ್ಪಳದ ಅಪ್ಪ

ಸರ್, ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಮೂರನೇ ತರಗತಿಗೆ ಹಾಕುವಾಗ ಗೊತ್ತಿದ್ದಿದ್ದರೆ ಹಾಕುತ್ತಲೇ ಇರಲಿಲ್ಲ. ಎರಡು ವರ್ಷ ಸುಮ್ನೆ ಆ ಹುಡುಗನ ಅಪ್ಪನ ಜೊತೆ ಮಾತು ಬಿಟ್ಟಿದ್ದೇನೆ. ನಾಳೆ ಹೋಗಿ ಮಾತಾಡಿಸುತ್ತೇನೆ.

ಮಲೆನಾಡ ಟೀಚರ್

ಕೊಪ್ಪಳದ ಅಣ್ಣ, ಮಾತಾಡಿಸಿ, ಒಳ್ಳೆಯದು.

ಹಾವೇರಿ ಅಕ್ಕನಿಗೆ ಒಂದು ಮುಖ್ಯ ವಿಷಯ. ನೀವು ರಾಜ್ಯದಲ್ಲಿ 3ಬಿ ಅಂದಿರಿ. ನವೋದಯ ಕೇಂದ್ರ ಸರ್ಕಾರದ ಶಾಲೆ. ಅವರಿಗೆ 2ಎ, 2ಬಿ, 3ಎ, 3ಬಿ ಯಾವುದೂ ಲೆಕ್ಕವಿಲ್ಲ. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಸಮುದಾಯದ ಹೆಸರು ಇದ್ದರೆ ಮಾತ್ರ ಆ 27 ಪರ್ಸೆಂಟಿನ ಸಾಲು. ಇಲ್ಲದಿದ್ದರೆ ಸಾಮಾನ್ಯ ವರ್ಗ. ರಾಜ್ಯದ ಪಟ್ಟಿಯಲ್ಲಿ ಇದ್ದು ಕೇಂದ್ರದ ಪಟ್ಟಿಯಲ್ಲಿ ಇಲ್ಲದ ಸಮುದಾಯಗಳು ನಮ್ಮಲ್ಲಿ ಇವೆ. ಕೆಲವೊಮ್ಮೆ ಒಳಪಂಗಡದ ಹೆಸರು ಇರುತ್ತದೆ, ದೊಡ್ಡ ಹೆಸರು ಇರುವುದಿಲ್ಲ. ನಾಡಕಚೇರಿಯಲ್ಲಿ ರಾಜ್ಯದ ಜಾತಿ ಪ್ರಮಾಣಪತ್ರ ಕೊಟ್ಟುಬಿಡುತ್ತಾರೆ. ಕೇಂದ್ರದ ನಮೂನೆಯ ಒಬಿಸಿ ಪತ್ರ ಅಂತ ಬಾಯಿಬಿಟ್ಟು ಕೇಳಬೇಕು.

ಅರ್ಜಿಯಲ್ಲಿ ಏನು ತುಂಬಿದ್ದೀರಿ ಅಂತ ಒಮ್ಮೆ ನೋಡಿಕೊಳ್ಳಿ. ನಮ್ಮ ಶಾಲೆಯ ಒಂದು ಮಗುವಿಗೆ ಆಯ್ಕೆ ಆದ ಮೇಲೆ ದಾಖಲೆ ನೋಡುವಾಗ ಈ ಪತ್ರ ಕೊಡಲಾಗಲಿಲ್ಲ. ಮಗು ಬ್ಯಾಗು ರೆಡಿ ಮಾಡಿಕೊಂಡು ಕೂತಿತ್ತು. ಆ ದಿನ ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಹಾವೇರಿ ಅವ್ವ

ಟೀಚರ್, ಈಗ ಅರ್ಜಿಯ ಪ್ರಿಂಟ್ ತೆಗೆದು ನೋಡಿದೆ. ಸಾಮಾನ್ಯ ಅಂತಲೇ ತುಂಬಿದ್ದೇವೆ. ಸೈಬರ್ ಸೆಂಟರಿನ ಹುಡುಗ ಕೇಳಿದಾಗ ನಮ್ಮ ಯಜಮಾನರು ಹಾಗೆ ಹೇಳಿದ್ದರಂತೆ. ಕೇಂದ್ರದ ಪಟ್ಟಿಯಲ್ಲೂ ಹುಡುಕಿದೆವು, ನಮ್ಮ ಹೆಸರು ಇಲ್ಲ. ಅಂದರೆ ಅವಳು ಸಾಮಾನ್ಯ, ಗ್ರಾಮೀಣ, ಹೆಣ್ಣುಮಗು. ಈ ಸಾಲಿನಲ್ಲಿ 82.5 ಹೇಗೆ ಮೇಷ್ಟ್ರೇ?

ಹಳೇ ಮೇಷ್ಟ್ರು, ಚಿತ್ರದುರ್ಗ

ಸಾಮಾನ್ಯ ವರ್ಗದ ಸಾಲಿನಲ್ಲಿ ಎಲ್ಲ ವರ್ಗದ ಜಾಣ ಮಕ್ಕಳೂ ಇರುತ್ತಾರೆ ತಾಯಿ. ಪರಿಶಿಷ್ಟ ಮಗು ಅಂಕದ ಬಲದಿಂದಲೇ ಮೇಲೆ ಬಂದರೆ ಅದನ್ನು ಮೀಸಲು ಸೀಟಿಗೆ ಲೆಕ್ಕ ಹಿಡಿಯುವುದಿಲ್ಲ, ಮುಕ್ತ ಸೀಟಿಗೇ ಹಿಡಿಯುತ್ತಾರೆ. ಅದು ಸರಿಯಾದದ್ದೇ. ಹಾಗಾಗಿ ನಿಮ್ಮ ಮಗಳ ಸಾಲು ಬಿಗಿ ಇದೆ. 82.5 ಅಂಚಿನ ಅಂಕ. ಬರಬಹುದು, ಬರದೇ ಇರಬಹುದು. ಇದಕ್ಕಿಂತ ಗಟ್ಟಿಯಾಗಿ ಹೇಳುವವರು ಯಾರೇ ಆದರೂ ಸುಳ್ಳು ಹೇಳುತ್ತಿದ್ದಾರೆ.

ಆದರೆ ಆ 82.5 ನಿಜವಾದ ಅಂಕವೇ ಅಂತ ಮೊದಲು ನೋಡೋಣ. ಹತ್ತು ವರ್ಷದ ಮಗು 80 ಪ್ರಶ್ನೆಗೆ ತಾನು ಯಾವ ಗೋಲಕ್ಕೆ ಮಸಿ ಹಚ್ಚಿದೆ ಅಂತ ಸಂಜೆ ನೆನಪಿಸಿಕೊಂಡು ಹೇಳುವುದು, ಅದೂ ಅವ್ವ ಎದುರಿಗೆ ಕೂತು ನೋಡುತ್ತಿರುವಾಗ! ಮಕ್ಕಳು ಸುಳ್ಳು ಹೇಳುವುದಿಲ್ಲ. ಆದರೆ ಕೀ ಉತ್ತರ "ಸಿ" ಅಂದ ತಕ್ಷಣ "ಹೌದು, ನಾನೂ ಸಿ ಹಾಕಿದ್ದೆ" ಅನ್ನುತ್ತವೆ. ಹಾಗೇ ನೆನಪಾಗಿಬಿಡುತ್ತದೆ ಅವುಗಳಿಗೆ. ಯೂಟ್ಯೂಬಿನ ಕೀ ಉತ್ತರದಲ್ಲೂ ತಪ್ಪು ಇರುತ್ತವೆ. ಅದಕ್ಕೆ ಮನೆಯಲ್ಲಿ ಹಾಕಿದ ಲೆಕ್ಕವನ್ನು ನಾನು ಯಾವತ್ತೂ ನಾಲ್ಕೈದು ಅಂಕ ಆಚೀಚೆ ಇಟ್ಟುಕೊಂಡೇ ನೋಡುತ್ತಿದ್ದೆ.

ಓಎಂಆರ್ ಹಾಳೆಯ, ಅಂದರೆ ಗೋಲ ತುಂಬುವ ಉತ್ತರ ಹಾಳೆಯ ಕಥೆ ಬೇರೆ. ನನ್ನ ಬಳಿ ಒಬ್ಬ ಹುಡುಗಿ ಇದ್ದಳು. ಲೆಕ್ಕದಲ್ಲಿ ಬೆಂಕಿ. ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಆಮೇಲೆ ಮಾಡೋಣ ಅಂತ ಬಿಟ್ಟಳು. ಆದರೆ ಹಾಳೆಯಲ್ಲಿ ಆ ಸಾಲು ಬಿಡುವುದನ್ನು ಮರೆತಳು. ಅಲ್ಲಿಂದ ಮುಂದೆ ಎಲ್ಲ ಉತ್ತರವೂ ಒಂದೊಂದು ಮನೆ ಮೇಲೆ. ಕೊನೆಯಲ್ಲಿ ಒಂದು ಗೋಲ ಉಳಿದಾಗ ಗೊತ್ತಾಗಿದೆ. ಬಾಲ್ ಪೆನ್ನಿನಲ್ಲಿ ತುಂಬಿದ್ದನ್ನು ಅಳಿಸುವ ಹಾಗಿಲ್ಲ. ಅಳುತ್ತಾ ಹೊರಗೆ ಬಂದಳು. ಅವಳಿಗೆ ಬಂದ ಅಂಕ ಅವಳ ಬುದ್ಧಿಯ ಅಳತೆ ಆಗಿರಲಿಲ್ಲ. ನಾನು ಓಎಂಆರ್ ಅಭ್ಯಾಸ ಸಾಲದೇ ಮಾಡಿಸಿದ್ದೆ, ಆ ತಪ್ಪು ನನ್ನದು. ಮುಂದಿನ ವರ್ಷದಿಂದ ಪ್ರತಿ ಶನಿವಾರ ಖಾಲಿ ಓಎಂಆರ್ ಹಾಳೆಯ ಜೆರಾಕ್ಸ್ ಕೊಟ್ಟೇ ಬರೆಸುತ್ತಿದ್ದೆ.

ತುಮಕೂರು ಮಾವ

ಮೇಷ್ಟ್ರೇ, ಗೊತ್ತಿಲ್ಲದ ಪ್ರಶ್ನೆ ಬಿಡಬೇಕಾ, ಅಂದಾಜಿನ ಮೇಲೆ ಹಾಕಬೇಕಾ? ನಮ್ಮ ತಂಗಿ ಮಗಳು ಮುಂದಿನ ವರ್ಷ ಬರೆಯುತ್ತಾಳೆ.

ಹಳೇ ಮೇಷ್ಟ್ರು, ಚಿತ್ರದುರ್ಗ

ಬಿಡಲೇಬಾರದು. ತಪ್ಪಿಗೆ ಅಂಕ ಕಳೆಯುವುದಿಲ್ಲ. ನಾಲ್ಕು ಆಯ್ಕೆ ಇರುತ್ತವೆ. ಎಂಟು ಪ್ರಶ್ನೆ ಕಣ್ಣು ಮುಚ್ಚಿ ಹಾಕಿದರೂ ಸರಾಸರಿ ಎರಡು ಸರಿ ಬರುತ್ತವೆ, ಎರಡೂವರೆ ಅಂಕ. ಅಂಚಿನಲ್ಲಿ ನಿಂತ ಮಗುವಿಗೆ ಎರಡೂವರೆ ಅಂಕ ಅಂದರೆ ಏನು ಅಂತ ಈ ಚರ್ಚೆ ಓದುವವರಿಗೆ ಹೇಳಬೇಕಾಗಿಲ್ಲ. ಕೊನೇ ಐದು ನಿಮಿಷ ಖಾಲಿ ಗೋಲ ಹುಡುಕಿ ತುಂಬುವುದನ್ನು ಕಲಿಸಿ. ಒಂದು ಪ್ರಶ್ನೆಗೆ ಎರಡು ಗೋಲ ತುಂಬಿದರೆ ಮಾತ್ರ ಆ ಅಂಕ ಹೋಯಿತು.

ಬೆಳಗಾವಿ ಹುಡುಗ (ಹಳೇ ನವೋದಯ)

ನಾನು ನವೋದಯದಲ್ಲಿ ಆರರಿಂದ ಹನ್ನೆರಡರ ತನಕ ಓದಿದವನು. ನನ್ನ ಪರೀಕ್ಷೆಯ ಅಂಕ ಎಷ್ಟು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ನಮ್ಮ ಬ್ಯಾಚಿನ ಯಾರಿಗೂ ಗೊತ್ತಿಲ್ಲ. ಅಂಕಪಟ್ಟಿ ಕೊಡುವುದಿಲ್ಲ, ಮರು ಎಣಿಕೆಯೂ ಇಲ್ಲ.

ಹೊರಗಿನವರಿಗೆ ಇದು ಕೋಪ ತರಿಸುತ್ತದೆ, ನನಗೆ ಅರ್ಥ ಆಗುತ್ತದೆ. ಆದರೆ ಒಳಗೆ ಹೋದ ಮೇಲೆ ಅದರಿಂದ ಒಳ್ಳೆಯದೇ ಆಯಿತು ಅಂತ ನನ್ನ ಅನುಭವ. ಡಾರ್ಮಿಟರಿಯಲ್ಲಿ ನೀನು ಎಷ್ಟನೇ ರ‍್ಯಾಂಕಿನಲ್ಲಿ ಬಂದೆ, ಯಾವ ಕೋಟಾದಲ್ಲಿ ಬಂದೆ ಅಂತ ಯಾರೂ ಕೇಳುತ್ತಿರಲಿಲ್ಲ. ಕೇಳಿದರೂ ಹೇಳಲು ಯಾರ ಹತ್ತಿರವೂ ಏನೂ ಇರಲಿಲ್ಲ. ಕೂಲಿಯವರ ಮಗ, ಮೇಷ್ಟ್ರ ಮಗ, ಎರಡನೇ ಪಟ್ಟಿಯಲ್ಲಿ ತಡವಾಗಿ ಬಂದವನು, ಎಲ್ಲರದ್ದೂ ಅದೇ ಟ್ರಂಕು, ಅದೇ ತಟ್ಟೆ. ಒಂಬತ್ತನೇ ತರಗತಿಯಲ್ಲಿ ನಮ್ಮಲ್ಲಿ ಒಂದಷ್ಟು ಮಂದಿ ಒಂದು ವರ್ಷಕ್ಕೆ ಹಿಂದಿ ಮಾತಾಡುವ ರಾಜ್ಯದ ನವೋದಯಕ್ಕೆ ಹೋದೆವು, ಅಲ್ಲಿನವರು ನಮ್ಮ ಶಾಲೆಗೆ ಬಂದರು. ಅಲ್ಲಿ ಚಪಾತಿ ತಿಂದು ಸಾಕಾಗಿ ಅನ್ನಕ್ಕೆ ಅಳುವಾಗ ಸಮಾಧಾನ ಮಾಡಿದವನು ನಮ್ಮ ಬ್ಯಾಚಿನ ಒಬ್ಬ ಗೆಳೆಯ. ಅವನು ಎಷ್ಟು ಅಂಕಕ್ಕೆ ಸೀಟು ತೆಗೆದುಕೊಂಡ ಅಂತ ನಾನು ಯಾವತ್ತೂ ಯೋಚಿಸಿಲ್ಲ.

ಹಾವೇರಿ ಅಕ್ಕ, ಮೊದಲ ಪಟ್ಟಿಯಲ್ಲಿ ಹೆಸರು ಇಲ್ಲ ಅಂದರೆ ಅಲ್ಲಿಗೆ ಮುಗಿಯಲಿಲ್ಲ. ಕೆಲವರು ಸೀಟು ಬೇಡ ಅನ್ನುತ್ತಾರೆ. ಕೆಲವರ ದಾಖಲೆ ಸರಿ ಇರುವುದಿಲ್ಲ. ಆ ಸೀಟು ಕಾಯುವ ಪಟ್ಟಿಯಿಂದ ತುಂಬುತ್ತಾರೆ. ಫೋನ್ ನಂಬರ್ ಬದಲಾಯಿಸಬೇಡಿ.

ಮಲೆನಾಡ ಟೀಚರ್

ಒಂದು ಮನವಿ. ಒಟ್ಟು ಅಂಕವನ್ನೇ ಹಿಡಿದುಕೊಂಡು ಮಗುವನ್ನು ಅಳೆಯಬೇಡಿ. ಒಡೆದು ನೋಡಿ. ನನ್ನ ತರಗತಿಯ ಇಬ್ಬರು ಮಕ್ಕಳ ಅಭ್ಯಾಸ ಪರೀಕ್ಷೆ ಹೇಳುತ್ತೇನೆ. ಇಬ್ಬರಿಗೂ 61 ಸರಿ, ಇಬ್ಬರಿಗೂ 76.25.

ಮೊದಲ ಮಗು: ಮಾನಸಿಕ ಸಾಮರ್ಥ್ಯ (ಚಿತ್ರದ ಪ್ರಶ್ನೆಗಳು) 40ಕ್ಕೆ 36, ಗಣಿತ 20ಕ್ಕೆ 9, ಭಾಷೆ 20ಕ್ಕೆ 16.
ಎರಡನೇ ಮಗು: ಮಾನಸಿಕ ಸಾಮರ್ಥ್ಯ 27, ಗಣಿತ 18, ಭಾಷೆ 16.

ಅಂಕ ಒಂದೇ. ಮಕ್ಕಳು ಒಂದೇನಾ? ಮೊದಲನೆಯವನು ಚಿತ್ರ ನೋಡಿದ ತಕ್ಷಣ ಹಿಡಿಯುತ್ತಾನೆ, ಆದರೆ ಭಿನ್ನರಾಶಿ, ದಶಮಾಂಶ ಕೈಕೊಡುತ್ತವೆ. ಅವನಿಗೆ ಲಸಾಅ, ಮಸಾಅದಿಂದ ಶುರು ಮಾಡಿ ಎರಡು ತಿಂಗಳು ಲೆಕ್ಕ ಮಾಡಿಸಬೇಕು. ಎರಡನೆಯವಳಿಗೆ ಲೆಕ್ಕದ ಪುಸ್ತಕ ಕೊಟ್ಟರೆ ಸಮಯ ದಂಡ. ಅವಳಿಗೆ ಚಿತ್ರಗಳ ಅಭ್ಯಾಸ ಬೇಕು. ಈ ಒಡೆದ ಲೆಕ್ಕ ನೋಡದೆ ಇಬ್ಬರಿಗೂ "ಇನ್ನೂ ಜಾಸ್ತಿ ಓದು" ಅಂದರೆ ಮಗುವಿಗೆ ಏನು ತಿಳಿಯಬೇಕು?

ಹಳೇ ಮೇಷ್ಟ್ರು, ಚಿತ್ರದುರ್ಗ

ಟೀಚರ್ ಹೇಳಿದ್ದು ಬಹಳ ಸರಿ. ನೂರರಲ್ಲಿ 50 ಅಂಕ ಆ ಚಿತ್ರಗಳಿಗೇ. ಹತ್ತು ಬಗೆ, ಒಂದೊಂದರಲ್ಲಿ ನಾಲ್ಕು ಪ್ರಶ್ನೆ. ಬೇರೆಯದನ್ನು ಆರಿಸು, ಹೋಲುವುದನ್ನು ಹುಡುಕು, ಕನ್ನಡಿ ಬಿಂಬ, ಮಡಚಿ ತೂತು ಹಾಕಿದ ಕಾಗದ, ದೊಡ್ಡ ಚಿತ್ರದೊಳಗೆ ಅಡಗಿದ ಸಣ್ಣ ಚಿತ್ರ, ಹೀಗೆ. ಅದರಲ್ಲಿ ಒಂದು ಅಕ್ಷರ ಓದುವ ಕೆಲಸ ಇಲ್ಲ. ಇಂಗ್ಲಿಷ್ ಬೇಡ, ಪುಸ್ತಕ ಬೇಡ. ಏಕೋಪಾಧ್ಯಾಯ ಶಾಲೆಯ ಮಗುವೂ ದೊಡ್ಡ ಶಾಲೆಯ ಮಗುವಿನ ಸಮಕ್ಕೆ ನಿಲ್ಲಬಹುದಾದ ಜಾಗ ಅದು. ಅದಕ್ಕೇ ಈ ಭಾಗದ ಮೇಲೆ ನನಗೆ ಪ್ರೀತಿ.

ಇದಕ್ಕೆ ನಾನು ಗೈಡು ಕೊಡಿಸುತ್ತಿರಲಿಲ್ಲ. ಹಳೇ ಪೇಪರ್ ನಾಲ್ಕು ಮಡಿಕೆ ಮಡಚಿ ಪೆನ್ಸಿಲ್ಲಿನಿಂದ ತೂತು ಹಾಕಿ, "ಬಿಚ್ಚಿದರೆ ಎಷ್ಟು ತೂತು, ಎಲ್ಲೆಲ್ಲಿ?" ಅಂತ ಕೇಳುತ್ತಿದ್ದೆ. ಮಕ್ಕಳು ಸ್ಲೇಟಿನಲ್ಲಿ ಬರೆದ ಮೇಲೆ ಬಿಚ್ಚಿ ತೋರಿಸುತ್ತಿದ್ದೆ. ಒಂದು ವಾರದಲ್ಲಿ ಮಕ್ಕಳೇ ನನಗೆ ಪ್ರಶ್ನೆ ಹಾಕುತ್ತಿದ್ದರು. ಕನ್ನಡಿ ಬಿಂಬಕ್ಕೆ ಮನೆಯ ಸಣ್ಣ ಕನ್ನಡಿ ಸಾಕು. ಭಾಷೆಯ 20 ಪ್ರಶ್ನೆ ನಾಲ್ಕು ಗದ್ಯಭಾಗದ ಮೇಲೆ. ಮಗು ಅರ್ಜಿಯಲ್ಲಿ ಕನ್ನಡ ಆರಿಸಿಕೊಂಡಿದ್ದರೆ ಪ್ರಶ್ನೆ ಪತ್ರಿಕೆ ಕನ್ನಡದಲ್ಲೇ ಬರುತ್ತದೆ. ದಿನಾ ಪೇಪರಿನ ಒಂದು ಸುದ್ದಿ ಓದಿಸಿ ಐದು ಪ್ರಶ್ನೆ ಕೇಳಿದರೆ ಆಯಿತು.

ವಿಜಯಪುರ ಕಾಕಾ

ಸೈನಿಕ ಶಾಲೆ ಪರೀಕ್ಷೆಯನ್ನೂ ಇದೇ ಲೆಕ್ಕದಲ್ಲಿ ನೋಡುವವರು ಇದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ವಿಜಯಪುರದ್ದು 1963ರದು, ಕೊಡಗಿನದು 2007ರದು. ಅಲ್ಲಿ ಆರನೇ ತರಗತಿಗೆ 300 ಅಂಕ. ಗಣಿತ 50 ಪ್ರಶ್ನೆ, ಒಂದಕ್ಕೆ 3, ಒಟ್ಟು 150. ಭಾಷೆ, ಬುದ್ಧಿಮತ್ತೆ, ಸಾಮಾನ್ಯ ಜ್ಞಾನ ತಲಾ 25 ಪ್ರಶ್ನೆ, ಒಂದಕ್ಕೆ 2. ಅಂದರೆ ನವೋದಯದಲ್ಲಿ ಚಿತ್ರಗಳಿಗೆ ಇರುವ ತೂಕ ಇಲ್ಲಿ ಗಣಿತಕ್ಕೆ. ಒಂದೇ ಮಗು ಅಲ್ಲಿ ಮುಂದೆ, ಇಲ್ಲಿ ಹಿಂದೆ ಬರಬಹುದು. ಟೀಚರ್ ಹೇಳಿದ ಎರಡನೇ ಹುಡುಗಿಗೆ ಇದು ಹೇಳಿ ಮಾಡಿಸಿದ ಪರೀಕ್ಷೆ.

ಅಲ್ಲಿ ಅಂಕ ತೋರಿಸುತ್ತಾರೆ. ಪ್ರತಿ ವಿಷಯದಲ್ಲಿ 25 ಪರ್ಸೆಂಟ್, ಒಟ್ಟಿನಲ್ಲಿ 40 ಪರ್ಸೆಂಟ್ ಬಂದರೆ ಅರ್ಹ ಅಂತ ಬರುತ್ತದೆ. ಪರಿಶಿಷ್ಟ ಮಕ್ಕಳಿಗೆ ಈ ಕನಿಷ್ಠ ಇಲ್ಲ. 120 ಬಂತು, ಅರ್ಹ ಅಂತ ಬಂತು ಅಂತ ಊರಿಗೆಲ್ಲ ಪೇಡ ಹಂಚಿದವರನ್ನು ನೋಡಿದ್ದೇನೆ. ಅರ್ಹ ಅಂದರೆ ಸಾಲಿನಲ್ಲಿ ನಿಲ್ಲಲು ಬಿಟ್ಟರು ಅಂತ ಅಷ್ಟೇ. ಸೀಟು ಸಿಗುವುದು ರ‍್ಯಾಂಕಿನಿಂದ, ಆಮೇಲೆ ವೈದ್ಯಕೀಯ ಪರೀಕ್ಷೆ ಬೇರೆ ಇದೆ. ಮಗುವಿನ ಮುಂದೆ ಹಂಚಿ ಆಮೇಲೆ ಮುಖ ಸಣ್ಣ ಮಾಡಿಕೊಂಡರೆ ಅದಕ್ಕೆ ಎಷ್ಟು ನೋವಾಗುತ್ತದೆ, ಅಲ್ವಾ?

ಹಾವೇರಿ ಅವ್ವ

ಎಲ್ಲರಿಗೂ ಕೈ ಮುಗಿಯುತ್ತೇನೆ. ಇವತ್ತು ಮಗಳ ಲೆಕ್ಕ ಒಡೆದು ನೋಡಿದೆ. ಚಿತ್ರದಲ್ಲಿ 36, ಗಣಿತದಲ್ಲಿ 13, ಕನ್ನಡದಲ್ಲಿ 17. ಏಳು ತಪ್ಪು ಗಣಿತದಲ್ಲೇ. ಅದರಲ್ಲಿ ನಾಲ್ಕು ಕ್ಷೇತ್ರಫಲ, ಸುತ್ತಳತೆ. ಆ ಪಾಠ ಶಾಲೆಯಲ್ಲಿ ಪರೀಕ್ಷೆ ಆದ ಮೇಲೆ ಶುರುವಾಗಿದೆಯಂತೆ. ನಾನು ಇಷ್ಟು ದಿನ ಅವಳಿಗೆ ಗಮನ ಇಲ್ಲ ಅಂತ ಬೈಯುತ್ತಿದ್ದೆ. ಕಲಿಸದೇ ಇದ್ದದ್ದನ್ನು ಅವಳು ಹೇಗೆ ಬರೆಯಬೇಕಿತ್ತು?

ಫಲಿತಾಂಶ ಬಂದ ಮೇಲೆ ಇಲ್ಲೇ ತಿಳಿಸುತ್ತೇನೆ.

ಹಾವೇರಿ ಅವ್ವ (ಎರಡೂವರೆ ತಿಂಗಳ ನಂತರ)

ನಿನ್ನೆ ಸಂಜೆ ಫಲಿತಾಂಶ ಬಂತು. ಆಯ್ಕೆಯಾಗಿಲ್ಲ.

ಫೋನಿನಲ್ಲಿ ನಾನೇ ಮೊದಲು ನೋಡಿದೆ. ಅವಳು ಅಂಗಳದಲ್ಲಿ ಆಡುತ್ತಿದ್ದಳು. ಒಳಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ. ಮೇಷ್ಟ್ರು ಹೇಳಿದ್ದನ್ನೇ ಹೇಳಿದೆ, 80 ಸೀಟು ಇತ್ತು, ಸಾಲು ದೊಡ್ಡದಿತ್ತು, ನಿನ್ನ ಸರದಿ ಬರುವುದರೊಳಗೆ ಮುಗಿಯಿತು ಅಂತ. "ಅಂದ್ರ ನಾ ಫೇಲ್ ಅಲ್ಲನ?" ಅಂದಳು. ಅಲ್ಲ ಅಂದೆ. ಸ್ವಲ್ಪ ಹೊತ್ತು ಅತ್ತಳು. ಆಮೇಲೆ "ಇನ್ನೊಂದು ಪಟ್ಟಿ ಬರ್ತದಂತಲ್ಲ" ಅಂದಳು. ಕಾಯುವ ಪಟ್ಟಿಯ ವಿಷಯ ಬಾಗಿಲ ಹಿಂದಿನಿಂದ ಯಾವಾಗಲೋ ಕೇಳಿಸಿಕೊಂಡಿದ್ದಾಳೆ.

ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಯ ಪರೀಕ್ಷೆಯನ್ನೂ ಬರೆಸಿದ್ದೇವೆ. ಅದು ಬರಲಿ, ನೋಡೋಣ. ಆರನೇ ತರಗತಿಗೆ ಒಂದು ಸಲ ಬರೆದರೆ ಮತ್ತೆ ಬರೆಯುವ ಹಾಗಿಲ್ಲ ಅಂತ ಗೊತ್ತು. ಮುಂದೆ ಬೇರೆ ದಾರಿ ಏನಾದರೂ ಇದೆಯಾ ಮೇಷ್ಟ್ರೇ?

ಹಳೇ ಮೇಷ್ಟ್ರು, ಚಿತ್ರದುರ್ಗ

ಇದೆ ತಾಯಿ. ಎಂಟನೇ ತರಗತಿ ಓದುವಾಗ ಒಂಬತ್ತಕ್ಕೆ ಪರೀಕ್ಷೆ ಬರೆಯಬಹುದು. ಖಾಲಿ ಇರುವ ಸೀಟು ಎಷ್ಟೋ ಅಷ್ಟಕ್ಕೆ ತೆಗೆದುಕೊಳ್ಳುತ್ತಾರೆ, ಅದಕ್ಕೆ ಸೀಟು ಬಹಳ ಕಡಿಮೆ. ಅದನ್ನು ಈಗಲೇ ತಿಳಿದಿರಿ. ಅಲ್ಲಿ ಚಿತ್ರಗಳು ಇಲ್ಲ. ನೂರು ಅಂಕದಲ್ಲಿ ಗಣಿತ 35, ವಿಜ್ಞಾನ 35, ಇಂಗ್ಲಿಷ್ 15, ಹಿಂದಿ 15.

ಆ ಹಿಂದಿ 15ರಲ್ಲೇ ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಬೀಳುವುದು. ನಮ್ಮ ಶಾಲೆಗಳಲ್ಲಿ ಹಿಂದಿ ಶುರುವಾಗುವುದೇ ಆರನೇ ತರಗತಿಯಿಂದ. ಬೇಸಿಗೆ ರಜೆ ಬರುತ್ತಿದೆ. ಅವಳಿಗೆ ಮನಸ್ಸಿದ್ದರೆ ಮಾತ್ರ, ದಿನಕ್ಕೆ ನಾಲ್ಕು ಅಕ್ಷರ. ಕ್ಷೇತ್ರಫಲಕ್ಕೆ ಮನೆಯ ಅಂಗಳವನ್ನೇ ಅಳೆಸಿ. ಹಗ್ಗ ಹಿಡಿದು ಸುತ್ತಳತೆ, ಆಮೇಲೆ ಎಷ್ಟು ಕಲ್ಲುಚಪ್ಪಡಿ ಬೇಕು ಅಂತ ಲೆಕ್ಕ.

ಕೊಪ್ಪಳದ ಅಪ್ಪ

ಅಕ್ಕ, ನನ್ನ ಮಗ ಈಗ ಎಂಟನೇ ತರಗತಿಗೆ ಹೋಗುತ್ತಾನೆ, ಆ ಪರೀಕ್ಷೆಗೇ ಕೂರಿಸುತ್ತಿದ್ದೇನೆ. ಆರು, ಏಳರ ಹಿಂದಿ ಪುಸ್ತಕ ಎರಡೂ ಇನ್ನು ಅವನಿಗೆ ಬೇಡ. ವಿಳಾಸವನ್ನು ಇಲ್ಲಿ ಹಾಕಬೇಡಿ, ನನಗೆ ಒಬ್ಬನಿಗೇ ಕಳಿಸಿ. ಬಸ್ಸಿನಲ್ಲಿ ಹಾಕಿಕೊಡುತ್ತೇನೆ.

ಹಾವೇರಿ ಅವ್ವ

ಕಳಿಸಿದ್ದೇನೆ ಅಣ್ಣ. ಈಗ ಅವಳು ಅಂಗಳದಲ್ಲಿ ದನ ಕಟ್ಟುವ ಹಗ್ಗ ಬಿಚ್ಚಿಕೊಂಡು ಅಳೆಯುತ್ತಿದ್ದಾಳೆ. ಅವರಪ್ಪ ಇನ್ನೊಂದು ತುದಿ ಹಿಡಿದಿದ್ದಾರೆ.